ಇನ್ನೊಂದು ಕೈಗಾ ಕಟ್ಟಿದರೆ ನಮ್ಮೂರಿನ ತ್ರೀ ಫೇಸ್ ಸರಿಹೋಗುತ್ತದೆಯೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. 2023ರ ಬರದಲ್ಲಿ ಪಂಪ್‌ಸೆಟ್ಟಿಗೆ ಏಳು ಗಂಟೆ ಕೊಡಬೇಕಿದ್ದ ತ್ರೀ ಫೇಸ್ ಕರೆಂಟು ಅರ್ಧಕ್ಕೆ ಇಳಿದು, ನಿಂತ ಬೆಳೆ ಒಣಗಿತು. ಕೈಗಾ ಅಣುಸ್ಥಾವರ ಪಕ್ಕದ ಜಿಲ್ಲೆಯಲ್ಲೇ ಇದೆ. ಅಂಥ ಹತ್ತು ಸ್ಥಾವರ ಕಟ್ಟಿದರೆ ನಮ್ಮಂಥ ದೇಶದ ಕರೆಂಟಿನ ಬರ ನೀಗುವುದಿಲ್ಲವೇ? ಸರ್ಕಾರಗಳು ಯಾಕೆ ಹಿಂದೆಮುಂದೆ ನೋಡುತ್ತವೆ? ಜಿಲ್ಲೆಗೊಂದು ಚಿಕ್ಕ ರಿಯಾಕ್ಟರ್ ಬರುತ್ತದೆ ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅಣು ವಿದ್ಯುತ್ ಭಾರತಕ್ಕೆ ಬೇಕು, ಇನ್ನಷ್ಟು ಕಟ್ಟಲೇಬೇಕು. ಆದರೆ ಅದು ಈ ವರ್ಷದ ಬರಕ್ಕೂ ಮದ್ದಲ್ಲ, ಮುಂದಿನ ಐದು ವರ್ಷದ ಬರಕ್ಕೂ ಮದ್ದಲ್ಲ. ಇವತ್ತು ತೀರ್ಮಾನವಾದ ಸ್ಥಾವರದ ಕರೆಂಟು ನಿಮ್ಮ ಹೊಲದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ತಲುಪಲು ಹನ್ನೆರಡರಿಂದ ಹದಿನೈದು ವರ್ಷ ಹಿಡಿಯುತ್ತದೆ. ತಲುಪಿದರೂ ನಿಮ್ಮ ಪಂಪ್‌ಸೆಟ್ಟಿನ ಕಷ್ಟದಲ್ಲಿ ಒಂದು ಪಾಲನ್ನು ಮಾತ್ರ ತೀರಿಸುತ್ತದೆ. ಈ ಎರಡೂ ಮಾತನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ, ಒಟ್ಟು 880 ಮೆಗಾವ್ಯಾಟ್. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಗೆ ಬಂದವು. ನೈಸರ್ಗಿಕ ಯುರೇನಿಯಂ ಮತ್ತು ಭಾರಜಲದಿಂದ (ಭಾರದ ಹೈಡ್ರೋಜನ್ ಇರುವ ನೀರಿನಿಂದ) ನಡೆಯುವ ಮಾದರಿ ಇದು. ಒಂದು ಇಂಧನದ ಬಂಡಲ್ ಎಂದರೆ 19 ಸಪೂರ ಲೋಹದ ಕೊಳವೆಗಳನ್ನು ಒಟ್ಟು ಸೇರಿಸಿದ ಕಟ್ಟು. ಉದ್ದ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 49.5 ಸೆಂ.ಮೀ. ತೂಕ ಸುಮಾರು 16 ಕಿಲೋ, ಒಬ್ಬ ಆಳು ಎರಡು ಕೈಯಲ್ಲಿ ಎತ್ತಬಹುದು. ಒಂದು ರಿಯಾಕ್ಟರಿನಲ್ಲಿ ಅಡ್ಡಡ್ಡ ಮಲಗಿಸಿದ 306 ಚಾನೆಲ್‌ಗಳಿದ್ದು, ಪ್ರತಿಯೊಂದರಲ್ಲೂ ಸಾಲಾಗಿ 12 ಬಂಡಲ್ ಕೂತಿರುತ್ತವೆ. ರಿಯಾಕ್ಟರ್ ಓಡುತ್ತಿರುವಾಗಲೇ ಎರಡು ಯಂತ್ರಗಳು ಚಾನೆಲ್ಲಿನ ಎರಡು ತುದಿಗೆ ಕಚ್ಚಿಕೊಂಡು, ಒಂದು ಕಡೆಯಿಂದ ಹೊಸ ಬಂಡಲ್ ತಳ್ಳಿ ಇನ್ನೊಂದು ಕಡೆಯಿಂದ ಹಳೆಯದನ್ನು ಹೊರತೆಗೆಯುತ್ತವೆ. ಪೂರ್ಣ ಸಾಮರ್ಥ್ಯದಲ್ಲಿ ಓಡುವ ಘಟಕಕ್ಕೆ ದಿನಕ್ಕೆ ಸರಾಸರಿ ಎಂಟು ಬಂಡಲ್ ಸಾಕು. ಅಷ್ಟೇ ಕರೆಂಟನ್ನು ಕಲ್ಲಿದ್ದಲಿನಿಂದ ತೆಗೆಯಬೇಕಾದರೆ ದಿನಕ್ಕೆ ಸುಮಾರು 3,500 ಟನ್ ಬೇಕು. ರಾಯಚೂರಿನ ಕಡೆ ಹೋಗುವ 58 ಬೋಗಿಯ ಕಲ್ಲಿದ್ದಲು ಗೂಡ್ಸ್ ರೈಲು ನೋಡಿರಬಹುದು, ಹೆಚ್ಚುಕಡಿಮೆ ಅಂಥದ್ದೊಂದು ಇಡೀ ರೈಲು. ಎಂಟು ಬಂಡಲ್ಲಿಗೆ ಒಂದು ಜೀಪು ಸಾಕು.

ಬರಗಾಲಕ್ಕೂ ಅಣು ವಿದ್ಯುತ್ತಿಗೂ ಇರುವ ನಿಜವಾದ ನಂಟು ಇಲ್ಲಿದೆ. ಮಳೆ ಕೈಕೊಟ್ಟರೆ ಲಿಂಗನಮಕ್ಕಿ ಇಳಿಯುತ್ತದೆ, ಶರಾವತಿಯ 1,035 ಮೆಗಾವ್ಯಾಟನ್ನು ಕೈಬಿಗಿ ಹಿಡಿದು ಬಳಸಬೇಕಾಗುತ್ತದೆ. ಅದೇ ಹೊತ್ತಿಗೆ ಬೋರ್‌ವೆಲ್ ಮೋಟರುಗಳೆಲ್ಲ ಒಟ್ಟಿಗೆ ಓಡುತ್ತವೆ. ಪೂರೈಕೆ ಇಳಿಯುವುದೂ ಬೇಡಿಕೆ ಏರುವುದೂ ಒಂದೇ ಕಾರಣದಿಂದ. 2023ರ ಅಕ್ಟೋಬರಿನಲ್ಲಿ ಆದದ್ದು ಇದೇ. ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ ಖಾಸಗಿ ಉತ್ಪಾದಕರ ಕರೆಂಟು ಹೊರಹೋಗದಂತೆ ತಡೆಯಿತು, ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ವಿನಿಮಯದ ಲೆಕ್ಕದಲ್ಲಿ ಸಾಲ ತಂದಿತು. ಇಂಥ ವರ್ಷದಲ್ಲಿ ಮಳೆಯ ಮರ್ಜಿಗೆ ಅಷ್ಟಾಗಿ ಕಾಯದ, ದಿನಾ ಕಲ್ಲಿದ್ದಲಿನ ರೈಲನ್ನು ಎದುರು ನೋಡದ ಯಂತ್ರಕ್ಕೆ ಬೆಲೆ ಕಟ್ಟಲಾಗದು. ಕೈಗಾದ ಒಂದನೇ ಘಟಕ 2016ರ ಮೇ 13ರಂದು ಶುರುವಾಗಿ, ಆ ವರ್ಷದ ಬರವನ್ನೂ ದಾಟಿ, 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮ ಓಡಿತು. ಆಗ ಅದು ಜಗತ್ತಿನ ದಾಖಲೆ. ಕನ್ನಡ ನೆಲದಲ್ಲಿ ನಮ್ಮವರೇ ಕಟ್ಟಿ ನಡೆಸಿದ ಯಂತ್ರ ಎಂಬುದನ್ನು ನಾವು ಇನ್ನೂ ಜೋರಾಗಿ ಹೇಳಿಕೊಳ್ಳಬೇಕಿತ್ತು.

ಈಗ ನಿಮ್ಮ ಮೋಟರಿಗೆ ಬರೋಣ. ಐದು ಎಚ್.ಪಿ. ಮೋಟರು ಓಡುವಾಗ ಲೈನಿನಿಂದ ಸುಮಾರು 4.5 ಕಿಲೋವ್ಯಾಟ್ ಎಳೆಯುತ್ತದೆ. ಹೊಸದಾಗಿ ಕಟ್ಟುತ್ತಿರುವ ಸ್ವದೇಶಿ ಮಾದರಿ 700 ಮೆಗಾವ್ಯಾಟಿನದು. ಅದರಲ್ಲಿ ಸ್ಥಾವರದ ಸ್ವಂತ ಪಂಪುಗಳಿಗೆ ಹತ್ತನೆಯ ಒಂದು ಭಾಗದಷ್ಟು ಹೋಗುತ್ತದೆ, ದಾರಿಯಲ್ಲಿ ಲೈನು-ಟಿ.ಸಿ.ಗಳ ನಷ್ಟ ಕಳೆಯಬೇಕು. ಕೊನೆಗೆ ಉಳಿಯುವುದು 550 ಮೆಗಾವ್ಯಾಟಿನ ಆಸುಪಾಸು. ಒಮ್ಮೆಗೆ ಓಡಿಸಬಹುದಾದ ಮೋಟರು ಒಂದು ಲಕ್ಷ ಇಪ್ಪತ್ತು ಸಾವಿರ. ರಾಜ್ಯದಲ್ಲಿರುವ ನೀರಾವರಿ ಪಂಪ್‌ಸೆಟ್ಟುಗಳು 30 ಲಕ್ಷಕ್ಕೂ ಹೆಚ್ಚು. ಅದೂ ಇಡೀ ಘಟಕ ಕರ್ನಾಟಕಕ್ಕೇ ಮೀಸಲಾದರೆ. ಹಾಗಾಗುವುದಿಲ್ಲ. ಕೈಗಾದ ಕರೆಂಟನ್ನು ಕೇಂದ್ರದ ಹಂಚಿಕೆಯಂತೆ ದಕ್ಷಿಣದ ರಾಜ್ಯಗಳೆಲ್ಲ ಹಂಚಿಕೊಳ್ಳುತ್ತವೆ.

ಕೊರತೆ ಎಂದಾಗ ಎಷ್ಟು ಎನ್ನುವುದರ ಜೊತೆಗೆ ಯಾವ ಹೊತ್ತಿನಲ್ಲಿ ಎಂದೂ ಕೇಳಬೇಕು. ಪಾವಗಡದ 2,000 ಮೆಗಾವ್ಯಾಟಿನ ಸೋಲಾರ್ ಪಾರ್ಕಿನಂಥವು ಬಂದ ಮೇಲೆ ಬೇಸಿಗೆಯ ಮಧ್ಯಾಹ್ನ ರಾಜ್ಯಕ್ಕೆ ಅಷ್ಟು ಕಷ್ಟವಿಲ್ಲ. ಕಷ್ಟ ಶುರುವಾಗುವುದು ಸಂಜೆ ಆರರ ಮೇಲೆ ಮತ್ತು ಬೆಳಗಿನ ಜಾವ. ಅಣುಸ್ಥಾವರ ಹಗಲೂ ರಾತ್ರಿಯೂ ಒಂದೇ ಮಟ್ಟದಲ್ಲಿ ಓಡುತ್ತದೆ. ರಾತ್ರಿಯ ತಳಪಾಯ ಹಾಕಲು ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಸಂಜೆಯ ಆ ನಾಲ್ಕು ತಾಸಿನ ಏರು ಬೇಡಿಕೆಗೆ ತಕ್ಕಂತೆ ಏರಿಸಿ ಇಳಿಸಲು ನಮ್ಮ ರಿಯಾಕ್ಟರುಗಳನ್ನು ಬಳಸುವುದಿಲ್ಲ. ಆ ಕೆಲಸ ಜಲವಿದ್ಯುತ್ತಿನದು, ನೀರನ್ನು ಮೇಲೆತ್ತಿ ಇಟ್ಟುಕೊಳ್ಳುವ ಯೋಜನೆಗಳದು, ಬ್ಯಾಟರಿಗಳದು.

ಸರ್ಕಾರಗಳು ಯಾಕೆ ಹಿಂದೆಮುಂದೆ ನೋಡುತ್ತವೆ ಎಂದಿರಿ. ವಿಕಿರಣದ ಭಯ ಒಂದು ಕಾರಣ ಹೌದು. ಹಣದ ಭಯ ಅದಕ್ಕಿಂತ ದೊಡ್ಡದು. 2017ರಲ್ಲಿ ಕೇಂದ್ರ ಸಂಪುಟ 700 ಮೆಗಾವ್ಯಾಟಿನ ಹತ್ತು ಘಟಕಗಳಿಗೆ ಒಟ್ಟಿಗೆ ಒಪ್ಪಿಗೆ ಕೊಟ್ಟಿತು, ಕೈಗಾದ 5 ಮತ್ತು 6ನೇ ಘಟಕಗಳೂ ಅದರಲ್ಲಿವೆ. ಆಗಿನ ಅಂದಾಜು 1.05 ಲಕ್ಷ ಕೋಟಿ, ಅಂದರೆ ಒಂದು ಘಟಕಕ್ಕೆ 10,500 ಕೋಟಿ. ಇದರಲ್ಲಿ ಶೇ. 70 ಸಾಲ, ಬಡ್ಡಿ ಶೇ. 8 ಎಂದು ಹಿಡಿಯಿರಿ. ಸಾಲವೆಲ್ಲ ಎತ್ತಿದ ಮೇಲೆ ಕೆಲಸ ಒಂದು ವರ್ಷ ತಡವಾದರೆ ಬಡ್ಡಿಯೇ ಸುಮಾರು 590 ಕೋಟಿ. ಆ ಹಣ ಅಸಲಿಗೆ ಸೇರಿ, ಸ್ಥಾವರ ಶುರುವಾದ ಮೇಲೆ ಪ್ರತಿ ಯೂನಿಟ್ಟಿನ ಮೇಲೆ ಹತ್ತು-ಹನ್ನೆರಡು ಪೈಸೆಯಾಗಿ ಕೂರುತ್ತದೆ, ಅದೂ ದಶಕಗಳ ಕಾಲ. ಐದು ವರ್ಷ ತಡವಾದರೆ ಅರ್ಧ ರೂಪಾಯಿ ದಾಟಿತು. ಅಣು ವಿದ್ಯುತ್ತಿನಲ್ಲಿ ಇಂಧನದ ಖರ್ಚು ಚಿಕ್ಕದು, ಕಟ್ಟುವ ಖರ್ಚೇ ದೊಡ್ಡದು. ಹಾಗಾಗಿ ಸಮಯಕ್ಕೆ ಮುಗಿದರೆ ಅಗ್ಗ, ಎಳೆದಾಡಿದರೆ ದುಬಾರಿ.

ಎಳೆದಾಟ ನಮ್ಮಲ್ಲಿ ಹೊಸದಲ್ಲ. ಗುಜರಾತಿನ ಕಾಕ್ರಾಪಾರದ ಮೂರನೇ ಘಟಕ 700 ಮೆಗಾವ್ಯಾಟ್ ಮಾದರಿಯಲ್ಲಿ ಮೊದಲನೆಯದು. 2010ರ ನವೆಂಬರಿನಲ್ಲಿ ಕಾಂಕ್ರೀಟು ಹಾಕಲು ಶುರು, ವಾಣಿಜ್ಯ ಉತ್ಪಾದನೆ 2023ರ ಜೂನ್ 30ಕ್ಕೆ. ಕೂಡಂಕುಳಂ ಒಪ್ಪಂದವಾದದ್ದು 1988ರಲ್ಲಿ, ನಿರ್ಮಾಣ ಶುರುವಾದದ್ದು 2002ರಲ್ಲಿ, ಮೊದಲ ಘಟಕ ಗ್ರಿಡ್ಡಿಗೆ, ಅಂದರೆ ವಿದ್ಯುತ್ ಜಾಲಕ್ಕೆ, ಸೇರಿದ್ದು 2013ರ ಅಕ್ಟೋಬರಿನಲ್ಲಿ. ಫಿಲಿಪೀನ್ಸ್ ದೇಶದ ಕಥೆ ಇನ್ನೂ ಕಷ್ಟದ್ದು. 1976ರಲ್ಲಿ ಬತಾನ್ ಎಂಬಲ್ಲಿ 620 ಮೆಗಾವ್ಯಾಟಿನ ಸ್ಥಾವರ ಕಟ್ಟಲು ತೊಡಗಿದರು, ಎಂಬತ್ತರ ದಶಕದ ಮಧ್ಯದಲ್ಲಿ ಕಟ್ಟಿ ಮುಗಿಸಿದರು. 1986ರಲ್ಲಿ ಸರ್ಕಾರ ಬದಲಾಯಿತು, ಅದೇ ವರ್ಷ ಚೆರ್ನೋಬಿಲ್ ದುರಂತವೂ ಆಯಿತು. ಸ್ಥಾವರಕ್ಕೆ ಇಂಧನ ತುಂಬಲೇ ಇಲ್ಲ. ಒಂದು ಯೂನಿಟ್ಟೂ ಕೊಡದ ಯಂತ್ರದ ಸಾಲವನ್ನು ಆ ದೇಶದ ಜನ 2007ರವರೆಗೆ ತೀರಿಸಿದರು.

ತಡ ಯಾಕಾಗುತ್ತದೆ ಎನ್ನುವುದಕ್ಕೆ ದೂರ ಹೋಗುವುದು ಬೇಡ, ಕೈಗಾವೇ ಸಾಕು. 1994ರ ಮೇ 13ರಂದು, ಕಟ್ಟುತ್ತಿದ್ದ ಒಂದನೇ ಘಟಕದ ಒಳ ಗುಮ್ಮಟದ ಕಾಂಕ್ರೀಟು ಪದರ ಬಿಟ್ಟು ಕೆಳಗೆ ಬಿತ್ತು. ಇನ್ನೂ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಮಾತಿರಲಿಲ್ಲ. ಗುಮ್ಮಟದ ಒಳಗೆ ಬಾಗಿಸಿ ಎಳೆದು ಬಿಗಿದ ಉಕ್ಕಿನ ಕೇಬಲ್ಲುಗಳು ಕಾಂಕ್ರೀಟನ್ನು ಒಂದು ದಿಕ್ಕಿಗೆ ಜಗ್ಗುತ್ತಿರುತ್ತವೆ. ಗುಮ್ಮಟದ ದಪ್ಪದ ದಿಕ್ಕಿನಲ್ಲಿ ಪದರಗಳನ್ನು ಹಿಡಿದಿಡುವಷ್ಟು ಕಬ್ಬಿಣ ಇರಲಿಲ್ಲ. ವಿನ್ಯಾಸವನ್ನೇ ತಿದ್ದಿ ಮತ್ತೆ ಕಟ್ಟಬೇಕಾಯಿತು. ಒಂದೇ ಮಾದರಿಯನ್ನು ಹತ್ತು ಕಡೆ ಕಟ್ಟುವ ಈಗಿನ ದಾರಿ ಸರಿ ಎಂದು ನಾನು ನಂಬಲು ಕಾರಣವೂ ಇದೇ. ಮೊದಲನೆಯದರಲ್ಲಿ ಕಲಿತ ತಪ್ಪು ಮೂರನೆಯದರಲ್ಲಿ ಬರುವುದಿಲ್ಲ, ವೆಲ್ಡರ್ ಬದಲಾಗುವುದಿಲ್ಲ, ಪಂಪು ಮಾಡುವ ಕಾರ್ಖಾನೆಗೆ ಒಟ್ಟಿಗೆ ಆರ್ಡರ್ ಸಿಗುತ್ತದೆ. ಪ್ರತಿ ಜಾಗದಲ್ಲೂ ಬೇರೆ ದೇಶದ ಬೇರೆ ಮಾದರಿ ತಂದರೆ ಪ್ರತಿ ಸಲವೂ ಅ ಆ ಇ ಈಯಿಂದ ಕಲಿಯಬೇಕು.

ಹಣ ಕೂಡಿದರೂ ಗ್ರಿಡ್ ತಡೆದುಕೊಳ್ಳಬೇಕು. ಯಾವುದೇ ಒಂದು ಘಟಕ ಗ್ರಿಡ್ಡಿನ ಹತ್ತನೆಯ ಒಂದು ಭಾಗಕ್ಕಿಂತ ದೊಡ್ಡದಿರಬಾರದು ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ಅದು ಹಠಾತ್ತನೆ ನಿಂತರೆ ಕರೆಂಟಿನ ಆವರ್ತನ 50 ಹರ್ಟ್ಜ್‌ನಿಂದ ಕುಸಿದು ಉಳಿದ ಸ್ಥಾವರಗಳನ್ನೂ ಎಳೆದುಕೊಂಡು ಹೋಗುತ್ತದೆ. ಭಾರತಕ್ಕೆ ಈ ತೊಂದರೆ ಇಲ್ಲ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೋಲಾಪುರಕ್ಕೆ ಎಳೆದ 765 ಕೆ.ವಿ. ಲೈನು ದಕ್ಷಿಣದ ಗ್ರಿಡ್ಡನ್ನು ಉಳಿದ ದೇಶದ ಜೊತೆ ಕೂಡಿಸಿತು, ಈಗ ಇಡೀ ದೇಶ ಒಂದೇ ಗ್ರಿಡ್. ಬಾಂಗ್ಲಾದೇಶವನ್ನು ನೋಡಿ. ರೂಪ್ಪುರ್‌ನಲ್ಲಿ ರಷ್ಯಾದ ನೆರವಿನಿಂದ 1,200 ಮೆಗಾವ್ಯಾಟಿನ ಎರಡು ಘಟಕ ಕಟ್ಟುತ್ತಿದ್ದಾರೆ, ವೆಚ್ಚ 12.65 ಶತಕೋಟಿ ಡಾಲರ್, ಅದರಲ್ಲಿ ಶೇ. 90 ರಷ್ಯಾದ ಸಾಲ. ಚಳಿಗಾಲದ ರಾತ್ರಿ ಅಲ್ಲಿನ ಬೇಡಿಕೆ ಹತ್ತು ಸಾವಿರ ಮೆಗಾವ್ಯಾಟಿಗಿಂತ ಕೆಳಗಿಳಿಯುತ್ತದೆ. ಆಗ ಒಂದೇ ಘಟಕ ಗ್ರಿಡ್ಡಿನ ಸುಮಾರು ಎಂಟನೆಯ ಒಂದು ಭಾಗವಾಗುತ್ತದೆ. 2017ರ ನವೆಂಬರಿನಲ್ಲಿ ಮೊದಲ ಕಾಂಕ್ರೀಟು ಹಾಕಿದ ಘಟಕ 2024 ಮುಗಿದರೂ ಗ್ರಿಡ್ಡಿಗೆ ಸೇರಿರಲಿಲ್ಲ. ನದಿ ದಾಟಿಸಬೇಕಿದ್ದ ಲೈನುಗಳು ಹಿಂದೆ ಬಿದ್ದದ್ದೂ ಅದಕ್ಕೆ ಒಂದು ಕಾರಣ. ಕೀನ್ಯಾದಂಥ ದೇಶದ ಒಟ್ಟು ಬೇಡಿಕೆಯೇ ಎರಡು ಸಾವಿರ ಚಿಲ್ಲರೆ ಮೆಗಾವ್ಯಾಟ್, ಅಲ್ಲಿ ಸಾವಿರದ ರಿಯಾಕ್ಟರ್ ಕೂರಿಸುವ ಮಾತೇ ಇಲ್ಲ.

ಗ್ರಿಡ್ ಪದೇ ಪದೇ ಬೀಳುವ ದೇಶಕ್ಕೆ ರಿಯಾಕ್ಟರ್ ಇನ್ನೊಂದು ಕಾರಣಕ್ಕೂ ಹೊಂದುವುದಿಲ್ಲ. ಪೂರ್ಣ ಸಾಮರ್ಥ್ಯದಲ್ಲಿದ್ದ ಭಾರಜಲ ರಿಯಾಕ್ಟರ್ ಟ್ರಿಪ್ ಆದರೆ, ಅಂದರೆ ಹಠಾತ್ತನೆ ನಿಂತರೆ, ಅರ್ಧ-ಮುಕ್ಕಾಲು ಗಂಟೆಯೊಳಗೆ ಮತ್ತೆ ಏರಿಸಬೇಕು. ಆ ಹೊತ್ತು ಮೀರಿದರೆ ಒಳಗೆ ಝೆನಾನ್ ಎಂಬ ಅನಿಲ ಹೆಚ್ಚಿ ನ್ಯೂಟ್ರಾನುಗಳನ್ನೆಲ್ಲ ನುಂಗುತ್ತದೆ. ಅದು ತಾನಾಗಿ ಕರಗಲು ಸುಮಾರು ಒಂದೂವರೆ ದಿನ ಬೇಕು, ಅಲ್ಲಿಯವರೆಗೆ ರಿಯಾಕ್ಟರ್ ಶುರುವಾಗುವುದಿಲ್ಲ. ಹತ್ತು ನಿಮಿಷದ ಗ್ರಿಡ್ ತೊಂದರೆಗೆ ಒಂದೂವರೆ ದಿನದ ಕರೆಂಟು ಹೋಯಿತು.

ಅದಕ್ಕಿಂತ ಗಂಭೀರವಾದದ್ದು ಕಾವು. ಉರಿ ನಂದಿಸಿದ ಮೇಲೂ ಕೆಂಡ ಸುಡುವಂತೆ, ರಿಯಾಕ್ಟರ್ ನಿಲ್ಲಿಸಿದ ಕ್ಷಣದಲ್ಲಿ ಅದರ ಉಷ್ಣದ ಸುಮಾರು ಶೇ. 7 ಉಳಿದಿರುತ್ತದೆ, ಒಂದು ಗಂಟೆಯ ಮೇಲೆ ಶೇ. 1.5, ಒಂದು ದಿನದ ಮೇಲೆ ಶೇ. 0.5. ಕೈಗಾದ ಒಂದು ಘಟಕದ ಉಷ್ಣ ಸುಮಾರು 750 ಮೆಗಾವ್ಯಾಟ್. ಒಂದು ದಿನದ ಮೇಲೂ ಸುಮಾರು ನಾಲ್ಕು ಮೆಗಾವ್ಯಾಟ್ ಕಾವನ್ನು ನೀರಿನಿಂದ ತೆಗೆಯುತ್ತಲೇ ಇರಬೇಕು, ಆ ನೀರು ಹರಿಸಲು ಹೊರಗಿನ ಕರೆಂಟು ಬೇಕು, ಅದು ಹೋದರೆ ಡೀಸೆಲ್ ಜನರೇಟರ್ ಬೇಕು.

ಎಲ್ಲವೂ ಹೋದರೆ ಏನಾಗುತ್ತದೆ ಎಂಬುದನ್ನು ಉತ್ತರ ಪ್ರದೇಶದ ನರೋರಾ 1993ರ ಮಾರ್ಚ್ 31ರ ನಸುಕಿನಲ್ಲಿ ಕಂಡಿತು. ಟರ್ಬೈನಿನ ಕೊನೆಯ ಹಂತದ ರೆಕ್ಕೆಗಳು ದಣಿದು ಮುರಿದವು. ಆ ಅದುರಾಟಕ್ಕೆ ಜನರೇಟರಿನ ಹೈಡ್ರೋಜನ್ ಸೋರಿ ಹೊತ್ತಿಕೊಂಡಿತು, ಎಣ್ಣೆಗೂ ಬೆಂಕಿ ತಗುಲಿತು. ಮುಖ್ಯ ಲೈನಿನ ಕೇಬಲ್ಲೂ ತುರ್ತು ಲೈನಿನ ಕೇಬಲ್ಲೂ ಅಕ್ಕಪಕ್ಕದಲ್ಲೇ ಹಾದಿದ್ದರಿಂದ ಎರಡೂ ಸುಟ್ಟವು. ಡೀಸೆಲ್ ಜನರೇಟರ್ ಇದ್ದೂ ಅದರ ಕರೆಂಟು ಒಯ್ಯುವ ದಾರಿ ಉಳಿಯಲಿಲ್ಲ. ಸ್ಥಾವರ 17 ಗಂಟೆ ಕತ್ತಲಲ್ಲಿತ್ತು. ಆಪರೇಟರುಗಳು ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲೆ ಹತ್ತಿ, ಕೈಯಿಂದ ವಾಲ್ವ್ ತಿರುಗಿಸಿ, ನ್ಯೂಟ್ರಾನುಗಳನ್ನು ನುಂಗುವ ಬೋರಾನ್ ದ್ರಾವಣ ಬಿಟ್ಟರು. ಬೆಂಕಿ ನಂದಿಸುವ ಡೀಸೆಲ್ ಪಂಪಿನ ನೀರನ್ನು ಸ್ಟೀಮ್ ಜನರೇಟರಿಗೆ ಹರಿಸಿ ಕಾವು ಇಳಿಸಿದರು. ವಿಕಿರಣ ಹೊರಬರಲಿಲ್ಲ. ಆ ರಾತ್ರಿ ಮೇಲೆ ಹತ್ತಿದವರಿಗೆ ನಾವೆಲ್ಲ ಋಣಿಗಳು. ಆಮೇಲೆ ರೆಕ್ಕೆಯ ವಿನ್ಯಾಸ ಬದಲಾಯಿತು, ಕೇಬಲ್ ದಾರಿಗಳ ನಡುವೆ ಬೆಂಕಿ ದಾಟದ ಗೋಡೆ ಬಂತು. ನಾನು ಇದನ್ನು ಇಷ್ಟು ಬಿಡಿಸಿ ಹೇಳಿದ್ದು ಹೆದರಿಸಲು ಅಲ್ಲ. ಕಟ್ಟಲು ಹಣ ಸಾಲ ಸಿಗುತ್ತದೆ, ಕತ್ತಲಲ್ಲಿ ಯಾವ ವಾಲ್ವ್ ಎಲ್ಲಿದೆ ಎಂದು ಗೊತ್ತಿರುವ ಜನ ಸಾಲಕ್ಕೆ ಸಿಗುವುದಿಲ್ಲ. ಅಂಥವರನ್ನು ತಯಾರು ಮಾಡಲು ಹತ್ತು ವರ್ಷ ಬೇಕು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹೊಸದಾಗಿ ಶುರುಮಾಡುವ ದೇಶಗಳಿಗೆ 19 ವಿಷಯಗಳ ಪಟ್ಟಿ ಕೊಡುತ್ತದೆ, ಕಾನೂನು, ಗ್ರಿಡ್, ತರಬೇತಿ, ತ್ಯಾಜ್ಯ, ಸ್ವತಂತ್ರ ನಿಯಂತ್ರಕ ಎಲ್ಲ ಅದರಲ್ಲಿವೆ. ನಿಯಂತ್ರಕನ ವಿಷಯದಲ್ಲಿ ನಾವೂ ಹಿಂದೆಯೇ ಇದ್ದೆವು. 1983ರಲ್ಲಿ ಶುರುವಾದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಶಾಸನದ ಬಲ ಇಲ್ಲವೆಂದು 2012ರಲ್ಲಿ ಮಹಾಲೇಖಪಾಲರ ವರದಿಯೇ ಎತ್ತಿ ತೋರಿಸಿತ್ತು.

ಇಂಧನ? ನಮ್ಮ ಯುರೇನಿಯಂ ಜಾರ್ಖಂಡಿನ ಜಾದೂಗುಡ ಸುತ್ತಮುತ್ತ ಮತ್ತು ಆಂಧ್ರದ ತುಮ್ಮಲಪಲ್ಲಿಯಲ್ಲಿ ಸಿಗುತ್ತದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ನಿಕ್ಷೇಪ ಇದೆ. ಅದಿರು ತೆಳು, ಗಣಿ ನಿಧಾನ. 2007-08ರ ಹೊತ್ತಿಗೆ ಇಂಧನ ಸಾಲದೆ ದೇಶದ ರಿಯಾಕ್ಟರುಗಳು ಅರ್ಧ ಸಾಮರ್ಥ್ಯದ ಆಸುಪಾಸಿನಲ್ಲಿ ಓಡಿದವು. ಕೈಗಾದ ನಾಲ್ಕನೇ ಘಟಕ ಇಂಧನಕ್ಕಾಗಿ ಕಾಯಬೇಕಾಯಿತು. 2008ರ ಸೆಪ್ಟೆಂಬರಿನಲ್ಲಿ ಅಣು ಪೂರೈಕೆದಾರ ದೇಶಗಳ ಗುಂಪು ಭಾರತಕ್ಕೆ ಇಂಧನ ಕೊಳ್ಳಲು ವಿನಾಯಿತಿ ಕೊಟ್ಟ ಮೇಲೆ ರಷ್ಯಾ, ಕಜಾಕಸ್ತಾನ, ಕೆನಡಾಗಳಿಂದ ಯುರೇನಿಯಂ ಬಂತು. ಆದರೆ ಅದು ಅಂತರರಾಷ್ಟ್ರೀಯ ತಪಾಸಣೆಗೆ ಒಳಪಟ್ಟ ಘಟಕಗಳಿಗೆ ಮಾತ್ರ. ಕೈಗಾದ ನಾಲ್ಕೂ ಘಟಕ ಆ ಪಟ್ಟಿಯಲ್ಲಿಲ್ಲ, ದೇಶದ ಯುರೇನಿಯಮ್ಮಿನಿಂದಲೇ ಓಡುತ್ತವೆ. ಥೋರಿಯಂ ಬಗ್ಗೆ ಬಹಳ ಜನ ಕೇಳುತ್ತಾರೆ. ಕೇರಳ, ತಮಿಳುನಾಡು, ಒಡಿಶಾ ಕಡಲ ಮರಳಿನಲ್ಲಿ ಅದು ಧಾರಾಳವಾಗಿದೆ. ಆದರೆ ಥೋರಿಯಂ ತಾನಾಗಿ ಉರಿಯದು, ಮೊದಲು ರಿಯಾಕ್ಟರಿನಲ್ಲಿಟ್ಟು ಅದನ್ನು ಯುರೇನಿಯಂ-233 ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಮಧ್ಯದ ಹಂತ ಕಲ್ಪಾಕ್ಕಂನ 500 ಮೆಗಾವ್ಯಾಟಿನ ಬ್ರೀಡರ್, ಅಂದರೆ ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ ರಿಯಾಕ್ಟರ್. 2004ರಲ್ಲಿ ಕಟ್ಟಲು ತೊಡಗಿದ ಅದರ ಒಡಲನ್ನು (ಕೋರ್) ತುಂಬಲು ಶುರುಮಾಡಿದ್ದೇ 2024ರಲ್ಲಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಆಗಬಹುದಾದ ಕೆಲಸ ಅದು.

ಚಿಕ್ಕ ರಿಯಾಕ್ಟರ್ ಬಗ್ಗೆ ಕೇಳಿದಿರಿ. 2025ರ ಬಜೆಟ್ಟಿನಲ್ಲಿ ಅದಕ್ಕೆ 20,000 ಕೋಟಿ ಇಟ್ಟು, 2033ರೊಳಗೆ ಐದು ಸ್ವದೇಶಿ ಚಿಕ್ಕ ರಿಯಾಕ್ಟರ್ ನಡೆಸುವ ಗುರಿ ಹೇಳಿದ್ದಾರೆ. ದೇಶಕ್ಕೆ ಐದು, ಜಿಲ್ಲೆಗೊಂದಲ್ಲ. ಹಾಗೆ ಜಿಲ್ಲೆಗೊಂದು ಇಡುವುದೂ ಜಾಣತನವಲ್ಲ: ಪ್ರತಿಯೊಂದಕ್ಕೂ ಕಾವಲು, ತಂಪಿನ ನೀರು, ತರಬೇತಾದ ಪಾಳಿಗಳು, ಸುತ್ತ ಜನವಸತಿಯಿಲ್ಲದ ಜಾಗ ಬೇಕು. ಜಗತ್ತಿನಲ್ಲಿ ಕರೆಂಟು ಕೊಡುತ್ತಿರುವ ಹೊಸ ಮಾದರಿಯ ಚಿಕ್ಕ ರಿಯಾಕ್ಟರುಗಳು ರಷ್ಯಾದ ತೇಲುವ ಸ್ಥಾವರ, ಚೀನಾದ ಒಂದು ಅನಿಲ ತಂಪಿನ ರಿಯಾಕ್ಟರ್, ಹೀಗೆ ಬೆರಳೆಣಿಕೆಯವು. ಅವು ಹೆಚ್ಚು ಹೊಂದುವುದು ಕಲ್ಲಿದ್ದಲು ಸುಡುವ ಉಕ್ಕು, ಸಿಮೆಂಟು ಕಾರ್ಖಾನೆಗಳ ಪಕ್ಕಕ್ಕೆ. ಅದೇ ಬಜೆಟ್ಟಿನಲ್ಲಿ 2047ಕ್ಕೆ 1 ಲಕ್ಷ ಮೆಗಾವ್ಯಾಟ್ ಎಂದೂ ಹೇಳಿದ್ದಾರೆ. 1969ರಲ್ಲಿ ತಾರಾಪುರ ಶುರುವಾದಂದಿನಿಂದ 2025ರವರೆಗೆ ನಾವು ಕಟ್ಟಿದ್ದು 8,880 ಮೆಗಾವ್ಯಾಟ್, ದೇಶದ ಕರೆಂಟಿನಲ್ಲಿ ಶೇ. 3ರ ಆಸುಪಾಸು. ಗುರಿ ಮುಟ್ಟಲು ಇನ್ನು ಪ್ರತಿ ವರ್ಷ 700 ಮೆಗಾವ್ಯಾಟಿನ ಆರು ಘಟಕ ಮುಗಿಸಬೇಕು. ಅದರಲ್ಲಿ ಕಾಲುಭಾಗ ಆದರೂ ನಾನು ಸಂತೋಷಪಡುತ್ತೇನೆ.

ಹಾಗಾದರೆ ನಿಮ್ಮ ಊರಿಗೆ? ನಿಮ್ಮ 11 ಕೆ.ವಿ. ಫೀಡರಿನಲ್ಲಿ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನಿನಲ್ಲಿ) ಎಷ್ಟು ಪಂಪ್‌ಸೆಟ್ ಇವೆ ಎಂದು ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಮುನ್ನೂರು ಎಂದಿಟ್ಟುಕೊಳ್ಳಿ, ಎಲ್ಲವೂ ಒಟ್ಟಿಗೆ ಓಡಿದರೆ 1.35 ಮೆಗಾವ್ಯಾಟ್. ಬೆಳಗಿನ ಮತ್ತು ಸಂಜೆಯ ಎಳೆ ಬಿಸಿಲಿನ ಕೊರತೆಯೂ ಸೇರಿ 2 ಮೆಗಾವ್ಯಾಟ್ ಸೋಲಾರ್ ಸಾಕು, ಜಾಗ ಎಂಟು ಎಕರೆಯಷ್ಟು. ಸಬ್‌ಸ್ಟೇಷನ್ ಹತ್ತಿರ ಸರ್ಕಾರಿ ಗೋಮಾಳವೋ ಗುತ್ತಿಗೆ ಜಮೀನೋ ಇದ್ದರೆ ಪಂಪ್‌ಸೆಟ್ಟುಗಳಿಗೆ ಸೋಲಾರ್ ಒದಗಿಸುವ ಕೇಂದ್ರದ ಕುಸುಮ್ ಯೋಜನೆಯ ಸಿ ಭಾಗದಲ್ಲಿ ಇದಕ್ಕೆ ಅವಕಾಶವಿತ್ತು, ಈಗಲೂ ಇದೆಯೇ ಎಂದು ಕೇಳಿ. ಜಾಗದ ತಕರಾರು ಇಲ್ಲದಿದ್ದರೆ ಒಂದು ವರ್ಷದೊಳಗೆ ನಿಲ್ಲಿಸಬಹುದು. ಕೃಷಿ ಫೀಡರ್ ಊರಿನ ಫೀಡರಿನಿಂದ ಬೇರೆಯಾಗಿದೆಯೇ ಎಂಬುದನ್ನೂ ಅಲ್ಲೇ ವಿಚಾರಿಸಿ, ಬೇರೆಯಾಗಿರದಿದ್ದರೆ ಮೊದಲು ಆ ಅರ್ಜಿ ಕೊಡಿ. ಬರದ ವರ್ಷ ಎಂದರೆ ಮೋಡ ಕಡಿಮೆ, ಬಿಸಿಲು ಹೆಚ್ಚು. ಲಿಂಗನಮಕ್ಕಿ ಬತ್ತಿದ ತಿಂಗಳಲ್ಲೇ ಆ ಎಂಟು ಎಕರೆ ಚೆನ್ನಾಗಿ ದುಡಿಯುತ್ತದೆ, ಮೋಟರೂ ನಡುರಾತ್ರಿಯ ಬದಲು ಹಗಲಿನಲ್ಲಿ ಓಡುತ್ತದೆ. ರಾತ್ರಿ ಊರಿನ ಮನೆಗಳ ದೀಪ ಉರಿಯುವಾಗ ಕೈಗಾದ ಪಾಲು ಇದ್ದೇ ಇರುತ್ತದೆ.